ಮೇಲಿನ ಪದರ

ಜನವರಿ 9

ಬಟಾಣಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನು ಚೆನ್ನಾಗಿರುವುದು ಸುತ್ತೋಲೆಯಿಂದ ತಿಳಿಯಿತು.

ನಿನ್ನೆ ಬೆಳಿಗ್ಗೆ ಕೆಮ್ಮಿನ ಸಾಹೇಬರು ಎಂದಿನಂತೆ ಬಾಗಿಲಾಚೆಯೇ ಎರಡು ಸಲ ಕೆಮ್ಮಿ, ಒಳಗೆ ಬಂದು, ನಮ್ಮ ವಿಭಾಗದ ಏಳೂ ಜನರನ್ನು ಸಾಲಾಗಿ ನಿಲ್ಲಿಸಿ ಓದಿದರು. ಇನ್ನು ಮುಂದೆ ಕಾಗದದ ಮೇಲಿನ ಬೆರಳಚ್ಚು ಎಬ್ಬಿಸಲು ಎಲ್ಲ ಲ್ಯಾಬುಗಳೂ ಹೊಸ ದ್ರಾವಣವನ್ನೇ ಬಳಸಬೇಕಂತೆ. ಅದರಲ್ಲಿ ಅದ್ದಿದರೆ ಶಾಯಿ ಹರಡುವುದಿಲ್ಲವಂತೆ. ಕೊನೆಯಲ್ಲಿ 'ಈ ಸೂತ್ರವನ್ನು ರೂಪಿಸಿದವರು' ಅಂತ ನಿನ್ನ ಹೆಸರು. ಅದನ್ನು ಓದುವಾಗ ಸಾಹೇಬರು ನನ್ನ ಕಡೆ ತಿರುಗಿ, "ನೀವು ಕೈ ಹಿಡಿದು ಕಲಿಸಿದ ಹುಡುಗಿ ಅಲ್ವಾ?" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೈಗೆ ರಬ್ಬರ್ ಗವಸು ಹಾಕಿಕೊಂಡಿದ್ದೆ, ಸದ್ದೇ ಬರಲಿಲ್ಲ.

ಸುತ್ತೋಲೆಯ ಪ್ರತಿಯನ್ನು ಮನೆಗೆ ತಂದದ್ದು ನನ್ನದೇ ತಪ್ಪು. ಅಮ್ಮ ಕನ್ನಡಕ ಹುಡುಕಿಕೊಂಡು ಬಂದು ನಿನ್ನ ಹೆಸರಿನ ಮೇಲೆ ಬೆರಳಾಡಿಸಿದಳು. "ಏನಿದು, ಬಿಡಿಸಿ ಹೇಳು" ಅಂತ ಕೂತಳು. ನಿನ್ನ ಪ್ರತಾಪವನ್ನು ನಾನೇ ವಿವರಿಸಬೇಕಾಯಿತು ನೋಡು, ನನ್ನ ಹಣೆಬರಹ.

"ಕಾಗದ ಮುಟ್ಟಿದ್ರೆ ಬೆವರು ಅಂಟುತ್ತೆ ಅಮ್ಮ. ಬೆವರು ಆರಿದ್ರೂ ಅದರಲ್ಲಿರೋ ಅಮೈನೊ ಆಮ್ಲ ಕಾಗದದ ನಾರಿನಲ್ಲಿ ಕೂತುಬಿಡುತ್ತೆ, ವರ್ಷಗಟ್ಟಲೆ. ಕಣ್ಣಿಗೆ ಕಾಣಲ್ಲ. ನಿನ್‌ಹೈಡ್ರಿನ್ ಅಂತ ಒಂದು ಪುಡಿ. ಅದನ್ನ ಕರಗಿಸಿ ಆ ದ್ರಾವಣದಲ್ಲಿ ಕಾಗದ ಅದ್ದಿ ಒಣಗಿಸಿದ್ರೆ, ಬೆರಳು ಎಲ್ಲಿತ್ತೋ ಅಲ್ಲೆಲ್ಲ ನೇರಳೆ ಬಣ್ಣ ಬರುತ್ತೆ. ಗೆರೆಗೆರೆಯೂ ಕಾಣುತ್ತೆ."

"ಇಪ್ಪತ್ತೆರಡು ವರ್ಷದಿಂದ ನೀನು ಇದನ್ನೇ ಮಾಡ್ತಿದ್ದೀಯಲ್ಲ?"

"ಮಾಡ್ತಿದ್ದೆ. ಆದ್ರೆ ನಮ್ಮ ದ್ರಾವಣಕ್ಕೆ ಶಾಯಿ ಕರಗಿ ಬರಹ ಹಾಳಾಗ್ತಿತ್ತು. ಬೆರಳು ಬೇಕಾದ್ರೆ ಬರಹ ಬಿಡಬೇಕು, ಬರಹ ಬೇಕಾದ್ರೆ ಬೆರಳು ಬಿಡಬೇಕು."

"ಇವಳು ಎರಡನ್ನೂ ಉಳಿಸಿದ್ಲು ಅನ್ನು."

ಅಮ್ಮನ ಬಾಯಿಗೆ ಕಡಿವಾಣ ಹಾಕಿದವರೇ ಇಲ್ಲ. ಈಗ ಆ ಪ್ರತಿ ಅವಳ ದಿಂಬಿನ ಕೆಳಗಿದೆ. ನನಗೆ ಇಪ್ಪತ್ತು ವರ್ಷದ ಸೇವೆಗೆ ಕೊಟ್ಟ ಗಡಿಯಾರ ಎಲ್ಲಿದೆ ಅಂತ ಕೇಳಿದರೆ ಅವಳಿಗೆ ಗೊತ್ತಿಲ್ಲ.

ಸೂತ್ರವನ್ನು ಎರಡು ಸಲ ಓದಿದೆ. ಪುಡಿಯನ್ನು ಮೊದಲು ಸ್ವಲ್ಪ ಆಲ್ಕೋಹಾಲಿನಲ್ಲಿ ಕರಗಿಸಿ, ಪೆಟ್ರೋಲಿಯಂ ಈಥರಿಗೆ ಸೇರಿಸಿ ಕುಲುಕಿ, ಸುಮ್ಮನೆ ಇಡಬೇಕು. ಎರಡು ಪದರವಾಗುತ್ತದೆ. 'ಕೆಳಗಿನದನ್ನು ಚೆಲ್ಲಿ, ಮೇಲಿನ ಪದರವನ್ನು ಮಾತ್ರ ಬಳಸಬೇಕು.' ಈ ಸಾಲು ಎಲ್ಲೋ ಕೇಳಿದ ಹಾಗಿದೆಯಲ್ಲ, ಬಟಾಣಿ? ಎಲ್ಲಿ, ಯಾರ ಬಾಯಲ್ಲಿ ಅಂತ ನಿನಗೂ ನೆನಪಿರಬೇಕು.

ಫೋನ್ ಮಾಡೋಣ ಅಂದುಕೊಂಡೆ. ಹೋದ ಸಲ ಫೋನಿನಲ್ಲಿ ಏನಾಯಿತು ಅಂತ ಗೊತ್ತಲ್ಲ. ಕಾಗದದಲ್ಲಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ.

ನಿಮ್ಮ ಭಾವ ಅಭಿನಂದನೆ ಹೇಳಿದ್ದಾರೆ. ಅವರದು ನಿಜವಾದದ್ದು.

ಅಕ್ಕ


ಜನವರಿ 20

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಓದಿ ನಕ್ಕೆ, ಆ ಸಾಲಿಗೆ ಬಂದಾಗ ಮಡಚಿಟ್ಟೆ.

ಇಲ್ಲಿ ಎಲ್ಲರೂ ಹೊಗಳುತ್ತಿದ್ದಾರೆ, ಆದರೆ ಕೆಲಸ ಅದೇ. ಬೆಳಿಗ್ಗೆ ಎಂಟಕ್ಕೆ ಬಂದು ತಟ್ಟೆ ತೊಳೆಯುವುದು, ಇಕ್ಕಳ ಒರೆಸುವುದು, ಬಂದ ಕಾಗದಗಳ ಫೋಟೊ ತೆಗೆಯುವುದು. ನನ್ನ ಮೇಜು ಕಿಟಕಿಯ ಪಕ್ಕದಲ್ಲಿದೆ, ಎದುರಿಗೆ ಒಂದು ಗ್ಯಾರೇಜು. ಮೊನ್ನೆ ಒಂದು ಬೆದರಿಕೆ ಪತ್ರ ಬಂದಿತ್ತು. ಹಳೆಯ ದ್ರಾವಣವಾಗಿದ್ದರೆ ಅಕ್ಷರಗಳು ಕಲಸಿ ಹೋಗುತ್ತಿದ್ದವು. ಈಗ ಅಕ್ಷರವೂ ಉಳಿಯಿತು, ಬರೆದವನ ಅಂಗೈಯೂ ಎದ್ದಿತು. ನೀನಿದ್ದರೆ ತೋರಿಸುತ್ತಿದ್ದೆ ಅನ್ನಿಸಿತು. ನಿಜವಾಗಿಯೂ.

ಕೆಲಸ ನಾನು ಕಲಿತದ್ದು ನಿನ್ನ ಕೈ ಕೆಳಗೇ. ಇಸ್ತ್ರಿ ಪೆಟ್ಟಿಗೆಯನ್ನು ಕಾಗದಕ್ಕೆ ತಾಗಿಸದೆ, ಆವಿ ಮಾತ್ರ ಬೀಳುವ ಹಾಗೆ ಹಿಡಿಯುವುದನ್ನು ಇಲ್ಲಿ ಯಾರಿಗೆ ಕಲಿಸಿದರೂ "ನಮ್ಮಕ್ಕ ಹೀಗೆ ಮಾಡ್ತಾಳೆ" ಅಂತಲೇ ಹೇಳುತ್ತೇನೆ.

ಸಿಂಕಿನ ಹತ್ತಿರ ನೀನು ಹೇಳಿದ್ದು ನೆನಪಿದೆ. ಅದರ ಬಗ್ಗೆ ಬರೆಯುವುದು ಬೇಡ.

ಅಮ್ಮನ ಮಂಡಿ ನೋವು ಹೇಗಿದೆ? ಭಾವನ ಅಂಗಡಿಯಲ್ಲಿ ರಿಪೇರಿಗೆ ಬಿಟ್ಟ ನನ್ನ ಟೈಂಪೀಸು ಏನಾಯಿತು ಅಂತ ಕೇಳು. ಎರಡು ವರ್ಷ ಆಯಿತು.

ಬಟಾಣಿ


ಜನವರಿ 27

ಬಟಾಣಿ,

ನೆನಪಿದೆ ಅಂತ ಒಪ್ಪಿಕೊಂಡೆಯಲ್ಲ, ಸಂತೋಷ. 'ಬರೆಯುವುದು ಬೇಡ' ಅಂತ ಯಾರು ಹೇಳುತ್ತಾರೆ ಗೊತ್ತಾ? ಬರೆದರೆ ಸಿಕ್ಕಿಬೀಳುವವರು.

ನಿನಗೆ ಬೇಡವಾದರೆ ನಾನೇ ಬರೆಯುತ್ತೇನೆ. ಆರು ವರ್ಷದ ಹಿಂದೆ, ಅಕ್ಟೋಬರ್. ಸಿಂಕಿನ ಕೆಳಗಿನ ಪೈಪು ಒಡೆದು ನೆಲವೆಲ್ಲ ನೀರು. ನಾನು ಸೀರೆ ಎತ್ತಿ ಕಟ್ಟಿಕೊಂಡು ಬಕೆಟ್ ಹಿಡಿದಿದ್ದೆ, ನೀನು ಅಳತೆ ಜಾಡಿಗಳನ್ನು ತೆಗೆದು ಮೇಲಿಡುತ್ತಿದ್ದೆ. ಒಂದು ಜಾಡಿಯಲ್ಲಿ ಎರಡು ಪದರ ನಿಂತಿತ್ತು. ನಾನು ನೋಡಿ ಅಂದೆ: "ಇದನ್ನ ಕುಲುಕಿ ಕುಲುಕಿ ಯಾಕೆ ಸಾಯ್ತೀಯ? ಕೆಳಗಿಂದು ಚೆಲ್ಲು, ಮೇಲಿಂದು ಮಾತ್ರ ತಗೋ. ಶಾಯಿ ತಿನ್ನೋದು ಕೆಳಗಿಂದೇ." ಒಂದೊಂದು ಪದ ನೆನಪಿದೆ. ನಿನ್ನ ಮುಖ ಬಿಳುಚಿಕೊಂಡಿತು. ಇಷ್ಟು ಸುಲಭದ್ದು ನನಗೆ ಹೊಳೆಯಲಿಲ್ಲವಲ್ಲ ಅಂತ ನಿನಗೆ ಅವಮಾನವಾಗಿದೆ ಅಂದುಕೊಂಡೆ. ಪಾಪ ಅನ್ನಿಸಿತು. ಇನ್ನು ಹಂಗಿಸುವುದು ಬೇಡ ಅಂತ ನೆಲ ಒರೆಸಲು ಹೋದೆ.

ಮೂರು ತಿಂಗಳಿಗೆ ನೀನು ವರ್ಗ ಕೇಳಿಕೊಂಡು ಹೊರಟೆ. ನನಗೊಂದು ಮಾತು ಹೇಳಲಿಲ್ಲ. ಆದೇಶ ಬಂದ ಮೇಲೆ ಸಾಹೇಬರ ಬಾಯಿಂದ ನನಗೆ ಗೊತ್ತಾಯಿತು. ದೊಡ್ಡ ಲ್ಯಾಬು, ದೊಡ್ಡ ಊರು, ಹುಡುಗಿಗೆ ಆಸೆ ಇದೆ ಅಂತ ಎಲ್ಲರೂ ಅಂದರು. ನಾನೂ ಹಾಗೇ ನಂಬಿದೆ. ಈಗ ಸುತ್ತೋಲೆ ನೋಡಿದ ಮೇಲೆ ಅರ್ಥವಾಯಿತು. ನೀನು ನನ್ನ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದೆ.

ನನಗೆ ಹೊಟ್ಟೆ ಉರಿಯುತ್ತಿದೆ, ಬಟಾಣಿ. ಮುಚ್ಚಿಡುವುದಿಲ್ಲ. ಚಿಕ್ಕಂದಿನಲ್ಲಿ ನನ್ನ ಹಳೇ ಲಂಗ ನಿನಗೆ ಹಾಕಿದರೆ 'ಅವಳಿಗೇ ಚೆನ್ನಾಗಿ ಒಪ್ಪುತ್ತೆ' ಅನ್ನುತ್ತಿದ್ದರು. ನನ್ನ ಹಳೇ ಪುಸ್ತಕದಲ್ಲಿ ಓದಿ ನನಗಿಂತ ಹೆಚ್ಚು ಅಂಕ ತಂದೆ. ಅದನ್ನೆಲ್ಲ ನುಂಗಿಕೊಂಡೆ. ಲ್ಯಾಬು ಒಂದಾದರೂ ನನ್ನದು ಅಂದುಕೊಂಡಿದ್ದೆ. ಅಲ್ಲಿಗೂ ನಿನ್ನನ್ನು ನಾನೇ ಕರೆತಂದೆ.

ನಿನ್ನ ಲ್ಯಾಬಿನಲ್ಲಿ ಈ ಸೂತ್ರದ ಮೊದಲ ದಾಖಲೆ ಐದು ವರ್ಷದ ಹಿಂದಿನದು ಅಂತ ಸುತ್ತೋಲೆಯಲ್ಲೇ ಇದೆ. ನಾನು ಹೇಳಿದ್ದು ಆರು ವರ್ಷದ ಹಿಂದೆ. ಲೆಕ್ಕ ನೀನೇ ಹಾಕು. ಅಲ್ಲಿ ಇನ್ನೊಂದು ಹೆಸರು ಸೇರಬೇಕು, ಅದೂ ಮೊದಲು ಬರಬೇಕು.

ಅಕ್ಕ

ಟೈಂಪೀಸಿಗೆ ಸ್ಪ್ರಿಂಗ್ ಸಿಕ್ಕಿಲ್ಲವಂತೆ.


ಫೆಬ್ರವರಿ 16

ಅಕ್ಕಾ,

ಇಷ್ಟು ದಿನ ಉತ್ತರ ಬರೆಯದೇ ಇದ್ದದ್ದಕ್ಕೆ ಬೈಯಬೇಡ. ನಾಲ್ಕು ಸಲ ಬರೆದು ಹರಿದೆ.

ನೀನು ಅಕ್ಟೋಬರಿನಲ್ಲಿ ಹೇಳಿದೆ. ನಾನು ಅದನ್ನು ಅದೇ ವರ್ಷ ಜೂನಿನಲ್ಲಿ ನನ್ನ ರಫ್ ಪುಸ್ತಕದಲ್ಲಿ ಬರೆದಿದ್ದೆ. ಇದಕ್ಕಿಂತ ಹೆಚ್ಚು ಕೇಳಬೇಡ.

ನಿನ್ನ ಹೆಸರನ್ನೂ ಸೇರಿಸಿ ಅಂತ ಕೇಂದ್ರ ಕಚೇರಿಗೆ ಬರೆಯುತ್ತೇನೆ. ಮೊದಲೇ ಬರಲಿ, ನನಗೇನೂ ಬೇಸರವಿಲ್ಲ. ಆದರೆ ಆ ಪುಟವನ್ನು ಮಾತ್ರ ತೋರಿಸು ಅನ್ನಬೇಡ. ನಿನಗೆ ಕೈ ಮುಗಿಯುತ್ತೇನೆ.

ಬಟಾಣಿ


ಫೆಬ್ರವರಿ 22

ತಂಗಿಗೆ,

ಭಿಕ್ಷೆ ಹಾಕುತ್ತೀಯಾ ನನಗೆ?

ತೋರಿಸಲಾಗದ ಪುಟ ಅಂದರೆ ಇಲ್ಲದ ಪುಟ. ಇದನ್ನು ನಾನು ನಿನಗೆ ಮೊದಲ ವಾರವೇ ಕಲಿಸಿದ್ದೆ. 'ಇತ್ತು, ಕಳೆದುಹೋಯ್ತು', 'ಇದೆ, ತೋರಿಸಕ್ಕಾಗಲ್ಲ' ಅಂತ ಹೇಳುವವರ ಕಾಗದಗಳನ್ನೇ ತಾನೆ ನಾವು ದಿನಾ ಅದ್ದುವುದು? ಇದ್ದರೂ, ಜೂನ್ ಅಂತ ನೀನು ಯಾವಾಗ ಬರೆದೆ ಅಂತ ಯಾರು ಬಲ್ಲರು? ಅಕ್ಟೋಬರಿನಲ್ಲಿ ಕೂತು ಜೂನ್ ಅಂತ ಬರೆದರೆ ಪೆನ್ನು ಬೇಡ ಅನ್ನುತ್ತದಾ?

ನಾನು ನಿನ್ನೆ ಕೇಂದ್ರ ಕಚೇರಿಗೆ ದೂರು ಕಳಿಸಿದೆ. ಸೂತ್ರದ ಮೂಲ ಯೋಚನೆ ನನ್ನದು, ಅದನ್ನು ಮಾತಿನಲ್ಲಿ ಹೇಳಿದ್ದೆ, ಕೇಳಿಸಿಕೊಂಡವಳು ತನ್ನದಾಗಿ ಮಾಡಿಕೊಂಡಳು ಅಂತ ಬರೆದಿದ್ದೇನೆ. ದಿನಾಂಕ, ಸಿಂಕು, ಪೈಪು ಎಲ್ಲ ಬರೆದಿದ್ದೇನೆ. ಪೈಪು ರಿಪೇರಿಯ ರಸೀತಿ ಕೂಡ ಕಡತದಲ್ಲಿ ಸಿಕ್ಕಿತು. ಲಗತ್ತಿಸಿದ್ದೇನೆ.

ದೂರನ್ನು ಅಂಚೆಗೆ ಹಾಕಿ ಬಂದ ಮೇಲೆ ತಿಂಗಳ ನಂತರ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ. ನಿಮ್ಮ ಭಾವ ತಟ್ಟೆಯಿಂದ ತಲೆಯೆತ್ತದೆ, "ಅವಳು ನಿನ್ನ ತಂಗಿ ಕಣೇ" ಅಂದರು. "ಅದಕ್ಕೇ" ಅಂದೆ. ಬೇರೆ ಯಾರೋ ಆಗಿದ್ದರೆ ನಾನೂ ಚಪ್ಪಾಳೆ ತಟ್ಟಿ ಮರೆಯುತ್ತಿದ್ದೆ. ಪಕ್ಕದ ಹಾಸಿಗೆಯಲ್ಲಿ ಮಲಗಿ, ನನ್ನ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡು ಬೆಳೆದವಳು ನನ್ನನ್ನು ದಾಟಿ ಹೋದರೆ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಅವರಿಗೆ ತಮ್ಮಂದಿರಿಲ್ಲ.

ದೂರು ವಿಚಾರಿಸಲು ಸಮಿತಿ ಕೂರುತ್ತದಂತೆ. ಅವರು ಕರೆದಾಗ ಆ ಪುಟ ತಾ. ಇದ್ದರೆ.

ನಿನ್ನ ಅಕ್ಕ


ಮಾರ್ಚ್ 14

ತಂಗಿಗೆ,

ಮೂರು ವಾರವಾಯಿತು, ನಿನ್ನ ಉತ್ತರವಿಲ್ಲ. ಜಗಳವಾದರೂ ಆಡು.

ಸಮಿತಿಯ ನೋಟೀಸು ಬಂದಿದೆ. ನಿನಗೂ ಬಂದಿರಬೇಕು. ಏಪ್ರಿಲ್ 10, ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮ ಕಚೇರಿಯಲ್ಲೇ. ಇಬ್ಬರೂ ತಮ್ಮ ತಮ್ಮ ಅತಿ ಹಳೆಯ ಬರಹವನ್ನು ಒಪ್ಪಿಸಬೇಕು, ಒಪ್ಪಿಸದಿದ್ದರೆ ಇನ್ನೊಬ್ಬರ ಮಾತೇ ನಿಲ್ಲುತ್ತದೆ ಅಂತ ಇದೆ. ನನ್ನ ಬಳಿ ಬರಹವಿಲ್ಲ, ಸಿಂಕಿನ ಮಾತಿದೆ. ನಿನ್ನ ಬಳಿ ಬರಹವಿದೆ ಅನ್ನುತ್ತೀಯ, ತೋರಿಸುವುದಿಲ್ಲ ಅನ್ನುತ್ತೀಯ. ಹಾಗಾದರೆ ಗೆಲ್ಲುವವಳು ನಾನೇ.

ಇಲ್ಲಿ ನನ್ನ ಜೊತೆ ಯಾರೂ ಸರಿಯಾಗಿ ಮಾತಾಡುತ್ತಿಲ್ಲ. ಚಹಾದ ಹೊತ್ತಿಗೆ ನಾನು ಹೋದರೆ ಕುರ್ಚಿಗಳು ಖಾಲಿಯಾಗುತ್ತವೆ. ಅಮ್ಮನಿಗೆ ಯಾರು ಊದಿದರೋ ಗೊತ್ತಿಲ್ಲ, ನಾಲ್ಕು ದಿನದಿಂದ ಗೋಡೆಯ ಜೊತೆ ಮಾತಾಡುತ್ತಾಳೆ. "ಹೆತ್ತ ಹೊಟ್ಟೆಗೆ ಇಬ್ಬರೂ ಸೇರಿ ಬೆಂಕಿ ಇಟ್ರಿ" ಅಂತ ಗೋಡೆಗೆ ಹೇಳಿದಳು. ಇಬ್ಬರೂ ಅಂದಳಲ್ಲ, ಅಷ್ಟರಮಟ್ಟಿಗೆ ನ್ಯಾಯವಂತೆ. 

ಒಂದು ವಿಷಯ ನನಗೆ ಅರ್ಥವಾಗುತ್ತಿಲ್ಲ. ನೀನು ಸುಳ್ಳು ಹೇಳುವಾಗ ಜಾಸ್ತಿ ಮಾತಾಡುತ್ತೀಯ. ಚಿಕ್ಕಂದಿನಿಂದ ನೋಡಿದ್ದೇನೆ. ಲೋಟ ಒಡೆದರೆ ಬೆಕ್ಕು, ಗಾಳಿ, ಪಕ್ಕದ ಮನೆಯವರು ಎಲ್ಲರೂ ಬರುತ್ತಿದ್ದರು. ಈ ಸಲ ನಾಲ್ಕು ಸಾಲು ಬರೆದು ಬಾಯಿಗೆ ಬೀಗ ಹಾಕಿಕೊಂಡಿದ್ದೀಯ. ಅದು ನನಗೆ ಸರಿಬರುತ್ತಿಲ್ಲ. ಆ ಪುಟದಲ್ಲಿ ಏನಿದೆ, ಬಟಾಣಿ?

ಅಕ್ಕ


ಮಾರ್ಚ್ 27
ರಿಜಿಸ್ಟರ್ಡ್ ಅಂಚೆ

ಅಕ್ಕಾ,

ಇದರ ಜೊತೆ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟಿರುವುದೇ ಆ ಪುಟ. ಮೊದಲು ಕಾಗದ ಓದು, ಆಮೇಲೆ ಅದನ್ನು ತೆಗೆ.

ಜೂನ್ 14ರಂದು ಬರೆದದ್ದು. ಕೆಳಗೆ ಮೂಲೆಯಲ್ಲಿ ಕೆಮ್ಮಿನ ಸಾಹೇಬರ ಸಹಿ ಇದೆ, ಜೂನ್ 30. ತಿಂಗಳ ಕೊನೆಗೆ ಎಲ್ಲರ ರಫ್ ಪುಸ್ತಕಕ್ಕೂ ಅವರು ಸಹಿ ಹಾಕುತ್ತಿದ್ದರಲ್ಲ. ಹಾಗಾಗಿ 'ಪೆನ್ನು ಬೇಡ ಅನ್ನುತ್ತದಾ' ಅಂತ ಕೇಳುವ ಹಾಗಿಲ್ಲ.

ಜುಲೈನಲ್ಲಿ ನನಗೆ ಮಂಗನಬಾವು ಬಂದು ಹತ್ತು ದಿನ ರಜೆ ಹಾಕಿದ್ದೆ. ವಾಪಸ್ ಬಂದು ಆಗಸ್ಟ್ ಮೊದಲ ವಾರ ದ್ರಾವಣ ಮಾಡಿದೆ. ಪದರ ನಿಂತಿತು. ಮೇಲಿನದನ್ನು ತೆಗೆದೆ. ಪರೀಕ್ಷೆಗೆ ಶಾಯಿಯಲ್ಲಿ ಬರೆದ, ಬೆರಳು ತಾಗಿದ ಕಾಗದ ಬೇಕಿತ್ತು. ನನ್ನದೇ ಪುಟ ಇದೆಯಲ್ಲ, ನನ್ನ ಬೆರಳು ಇದ್ದೇ ಇರುತ್ತದೆ ಅಂತ ಈ ಹಾಳೆಯನ್ನೇ ಪುಸ್ತಕದಿಂದ ಕಿತ್ತು ಅದ್ದಿದೆ. ಕತ್ತಲೆ ಬೀರುವಿನಲ್ಲಿ ಎರಡು ದಿನ ತೂಗುಹಾಕಿದೆ.

ಮೂರನೆಯ ದಿನ ಬಾಗಿಲು ತೆಗೆದೆ. ಒಂದು ಅಕ್ಷರವೂ ಹರಡಿರಲಿಲ್ಲ. ನೇರಳೆ ಬೆರಳುಗಳು ಎದ್ದಿದ್ದವು. ನನ್ನವು ಮಸುಕು ಮಸುಕು. ನನ್ನ ಕೈ ಯಾವಾಗಲೂ ಒಣ. ಆದರೆ ಬಲಗಡೆ ಅಂಚಿನಲ್ಲಿ ಒಂದು ಹೆಬ್ಬೆರಳು, ಮತ್ತೆ 'ಕೆಳಗಿನದನ್ನು ಚೆಲ್ಲಿ ಮೇಲಿನ ಪದರ ಮಾತ್ರ' ಅನ್ನುವ ಸಾಲಿನ ಕೆಳಗೆ ಉದ್ದಕ್ಕೂ ಒಂದು ತೋರುಬೆರಳು. ಒಂದರ ಪಕ್ಕ ಒಂದು, ಐದು ಸಲ. ಬೆರಳಚ್ಚಿನ ಕಾರ್ಡ್ ನೋಡುವ ಅಗತ್ಯವೇ ಇರಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಓದುವವರು ನಮ್ಮ ಲ್ಯಾಬಿನಲ್ಲಿ ಒಬ್ಬರೇ ಇದ್ದರು. ಆದರೂ ಸಿಬ್ಬಂದಿಯ ಕಾರ್ಡುಗಳನ್ನು ತೆಗೆದು ಹೋಲಿಸಿದೆ. ಬೇರೆ ಯಾರದ್ದಾದರೂ ಆಗಿರಲಿ ಅಂತ ಬೇಡಿಕೊಂಡೇ ಹೋಲಿಸಿದೆ. ಗೆರೆಗಳ ಹದಿನಾಲ್ಕು ಗುರುತು ನಿನ್ನ ಕಾರ್ಡಿಗೆ ಹೊಂದಿದ ಮೇಲೆ ಎಣಿಸುವುದನ್ನು ನಿಲ್ಲಿಸಿದೆ.

ನನ್ನ ಡ್ರಾಯರಿಗೆ ಬೀಗ ಇತ್ತು. ಹೆಚ್ಚುವರಿ ಕೀಲಿಗೊಂಚಲು ಇದ್ದದ್ದು ನಿನ್ನ ಹತ್ತಿರ.

ಅಕ್ಟೋಬರಿನಲ್ಲಿ ನೀನು ಬಕೆಟ್ ಹಿಡಿದುಕೊಂಡು ನನ್ನದೇ ಸಾಲನ್ನು ನನಗೆ ಹೇಳಿದಾಗ ನನ್ನ ಮುಖ ಬಿಳುಚಿದ್ದು ಅದಕ್ಕೆ. ನೀನು ಬೇಕಂತಲೇ ಹೇಳಿದೆಯೋ, ತಿಳಿಯದೇ ಹೇಳಿದೆಯೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಲು ಧೈರ್ಯವಾಗಲಿಲ್ಲ. ಈ ಪುಟ ತೋರಿಸಿದ್ದರೆ ಸೂತ್ರ ಅಂದೇ ನನ್ನದಾಗುತ್ತಿತ್ತು, ಕೀಲಿ ಕಾಯುವವಳೇ ಬೀಗ ತೆಗೆದಳು ಅಂತ ನಿನ್ನ ಕೆಲಸ ಹೋಗುತ್ತಿತ್ತು. ಅದಕ್ಕೆ ವರ್ಗ ಕೇಳಿದೆ. ಇಲ್ಲಿಗೆ ಬಂದು ಬಿಳಿ ಕಾಗದದಿಂದ ಮತ್ತೆ ಶುರು ಮಾಡಿದೆ. ಆಸೆಗೆ ಬಂದದ್ದಲ್ಲ.

ಇದನ್ನು ತ್ಯಾಗ ಅಂತ ತಿಳಿಯಬೇಡ. ನನಗೆ ಕೋಪ ಬಂದಿತ್ತು, ಈಗಲೂ ಇದೆ. ನನಗೂ ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು ಅಕ್ಕಾ. ನೀನು ಪುಡಿಯ ಬಣ್ಣ ನೋಡಿಯೇ ಹಳತೋ ಹೊಸತೋ ಹೇಳುತ್ತಿದ್ದೆ. ಸಾಹೇಬರು ಯಾವ ಕಷ್ಟದ ಕಾಗದ ಬಂದರೂ "ದೊಡ್ಡೋರಿಗೆ ಕೊಡಿ" ಅನ್ನುತ್ತಿದ್ದರು. ನಾನು ತಟ್ಟೆ ತೊಳೆಯುತ್ತಿದ್ದೆ. ನನ್ನ ಹತ್ತಿರ ಇದ್ದದ್ದು ಆ ಒಂದು ಸಾಲು. ಅದರ ಮೇಲೂ ನಿನ್ನ ಬೆರಳು ನನ್ನದಕ್ಕಿಂತ ಚೆನ್ನಾಗಿ ಎದ್ದಿತ್ತು.

ಸಮಿತಿಗೆ ಕೊಟ್ಟರೆ ನಿನ್ನ ಕೆಲಸ ಹೋಗುತ್ತದೆ. ಕೊಡದಿದ್ದರೆ ನನ್ನ ಹೆಸರು. ನಾನು ಫೋಟೊ ತೆಗೆದಿಟ್ಟಿಲ್ಲ, ನಕಲು ಮಾಡಿಲ್ಲ. ಇರುವುದು ಇದೊಂದೇ. ಆರು ವರ್ಷ ನಾನು ಹೊತ್ತೆ, ಈಗ ನೀನು ಹೊರು.

ಬಟಾಣಿ


ಏಪ್ರಿಲ್ 2

ಪೊಟ್ಟಣ ತಲುಪಿತು.

ಅಕ್ಕ


ಏಪ್ರಿಲ್ 6

ಅಕ್ಕಾ,

ಎರಡೇ ಪದ ಬರೆದು ಸಹಿ ಹಾಕಿದ್ದೀಯಲ್ಲ, ನಾನು ಏನಂತ ತಿಳಿಯಲಿ?

ನಿನ್ನೆ ಫೋನ್ ಮಾಡಿದೆ. ಅಮ್ಮ ಎತ್ತಿದಳು. ನೀನು ಅಡುಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಏನೋ ಸುಡುತ್ತಿದ್ದೀಯ, ವಾಸನೆ ಬರುತ್ತಿದೆ ಅಂದಳು. ನಾನು ಏನೂ ಕೇಳಲಿಲ್ಲ, ಫೋನ್ ಇಟ್ಟೆ.

ಸುಟ್ಟಿದ್ದರೆ ಸುಟ್ಟೆ ಅಂತ ಹೇಳಿಬಿಡು. ನಾನು ಹತ್ತನೇ ತಾರೀಖು ಬರುವುದಿಲ್ಲ. ನನ್ನ ಕೈಯಲ್ಲಿ ಒಪ್ಪಿಸಲು ಏನೂ ಇಲ್ಲ ಅಂತ ಬರೆದು ಕಳಿಸಿದ್ದೇನೆ. ನಿನಗೆ ಬೇಕಾದ್ದು ಅದೇ ಆಗಿದ್ದರೆ ಸಿಕ್ಕಿತು.

ಬ


ಏಪ್ರಿಲ್ 12

ಬಟಾಣಿ,

ಅಮ್ಮ ಹೇಳಿದ ವಾಸನೆ ಹಾಲಿನದು. ಒಲೆಯ ಮೇಲೆ ಹಾಲಿಟ್ಟು ಮರೆತಿದ್ದೆ, ಪಾತ್ರೆ ತಳ ಹಿಡಿದು ಕರಕಲಾಗಿತ್ತು. ಆದರೆ ನಿನ್ನ ಅನುಮಾನ ಪೂರ್ತಿ ಸುಳ್ಳಲ್ಲ. ಅದೇ ಒಲೆಯ ಪಕ್ಕ ನಿನ್ನ ಪುಟ ಹಿಡಿದುಕೊಂಡು ಕೂತಿದ್ದೆ. ಮಧ್ಯಾಹ್ನ ಮೂರು ಗಂಟೆ, ಅಮ್ಮ ನಿನ್ನ ಫೋನು ಬರುವ ತನಕ ಮಲಗಿದ್ದಳು, ನಿಮ್ಮ ಭಾವ ಅಂಗಡಿಯಲ್ಲಿದ್ದರು. ಕೈ ಒಂದು ಗೇಣು ಚಾಚಿದ್ದರೆ ಸಾಕಿತ್ತು.

ನೀನು ಕೇಳಲು ಹೆದರಿದ್ದನ್ನು ನಾನೇ ಹೇಳುತ್ತೇನೆ. ನೀನು ಮಂಗನಬಾವಿನಲ್ಲಿ ಮಲಗಿದ್ದಾಗ ಸಾಹೇಬರು ಒಂದು ದಿನ, "ನಿಮ್ಮ ತಂಗಿ ರಫ್ ಪುಸ್ತಕ ನೋಡಿದ್ರಾ? ತಲೆ ಇದೆ ಕಣ್ರೀ ಆ ಹುಡುಗಿಗೆ" ಅಂದರು. ನನ್ನ ರಫ್ ಪುಸ್ತಕದ ಬಗ್ಗೆ ಅವರು ಯಾವತ್ತೂ ಒಂದು ಮಾತು ಆಡಿರಲಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಕೀಲಿಗೊಂಚಲು ತೆಗೆದೆ. ಗವಸು ಹಾಕಿಕೊಳ್ಳಬೇಕು ಅಂತ ತೋಚಲೇ ಇಲ್ಲ. ಗವಸು ಕಳ್ಳರ ಕಾಗದ ಮುಟ್ಟುವಾಗ ಹಾಕಿಕೊಳ್ಳುವುದು, ತಂಗಿಯ ಪುಸ್ತಕಕ್ಕೆ ಯಾಕೆ? ಓದಿದೆ. 'ಹುಚ್ಚು ಹುಡುಗಿ, ಇದೆಲ್ಲ ಆಗೋ ಮಾತಲ್ಲ' ಅಂದುಕೊಂಡು ಸಮಾಧಾನದಿಂದ ಮುಚ್ಚಿದೆ.

ಮರೆತಿದ್ದೆ ಅಂದರೆ ಅರ್ಧ ನಿಜ. ಡ್ರಾಯರು ತೆಗೆದದ್ದನ್ನು ಮರೆತಿರಲಿಲ್ಲ. ಓದಿದ ಸಾಲನ್ನು ಮರೆತಿದ್ದೆ. ಅಕ್ಟೋಬರಿನಲ್ಲಿ ಅದು ನನ್ನ ಬಾಯಿಂದ ಬಂದಾಗ ನನ್ನದೇ ಬುದ್ಧಿ ಅಂತ ಎದೆ ಉಬ್ಬಿಸಿದೆ. ಆರು ವರ್ಷ ಹಾಗೇ ನಂಬಿದೆ. ಡ್ರಾಯರನ್ನೂ ಆ ಸಾಲನ್ನೂ ಒಂದು ಸಲವೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ನೋಡಬಾರದು ಅಂತಲೇ ನೋಡಲಿಲ್ಲವೇನೋ. ನಿನ್ನ ಪುಟ ಕೈಗೆ ಬಂದ ಮೇಲೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ.

ಹತ್ತನೇ ತಾರೀಖು ಸಮಿತಿಯವರು ಮೂವರು ಬಂದಿದ್ದರು. ನಡುವೆ ಬಿಳಿ ಕೂದಲಿನ ಅಧ್ಯಕ್ಷೆ, ಮಾತು ಕಡಿಮೆ. ನೀನು ಬರುವುದಿಲ್ಲ ಅಂತ ಬರೆದದ್ದನ್ನು ಓದಿ, "ಹಾಗಾದ್ರೆ ನಿಮ್ಮ ದೂರನ್ನ ಎತ್ತಿಹಿಡೀಬೇಕಾಗುತ್ತೆ" ಅಂದರು. ಕೆಮ್ಮಿನ ಸಾಹೇಬರು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಚೀಲದಿಂದ ಪ್ಲಾಸ್ಟಿಕ್ ಹಾಳೆ ತೆಗೆದು ಮೇಜಿನ ಮೇಲಿಟ್ಟೆ.

"ಏನಿದು?"

"ನನ್ನ ತಂಗಿ ಬರೆದಿದ್ದು. ಜೂನ್‌ದು. ಸಹಿ ಸಾಹೇಬರದ್ದೇ, ಕೇಳಿ ನೋಡಿ."

ಸಾಹೇಬರು ಬಗ್ಗಿ ನೋಡಿ ತಲೆ ಆಡಿಸಿದರು.

"ಇದು ನಿಮ್ಮ ದೂರಿಗೇ ವಿರುದ್ಧ ಇದೆಯಲ್ರೀ" ಅಂದರು ಅಧ್ಯಕ್ಷೆ.

"ಹೌದು."

"ಈ ಬೆರಳಚ್ಚು?"

"ಮಸುಕಾಗಿರೋದು ಅವಳದು. ಹೆಬ್ಬೆರಳು, ತೋರುಬೆರಳು ನಂದು. ಅವಳು ರಜೆಯಲ್ಲಿದ್ದಾಗ ಡ್ರಾಯರಿನ ಬೀಗ ತೆಗೆದು ಓದಿದ್ದೆ. ನನ್ನ ಕಾರ್ಡ್ ತರಿಸಿ, ಹೋಲಿಸಿ ನೋಡಿ."

ಸಾಹೇಬರಿಗೆ ಕೆಮ್ಮು ಕೂಡ ಬರಲಿಲ್ಲ. ಕಾರ್ಡ್ ತರಿಸಿದರು, ಹೋಲಿಸಿದರು. ಸೂತ್ರ ನಿನ್ನದೊಬ್ಬಳದೇ ಅಂತ ಅಲ್ಲೇ ಬರೆದು ಸಹಿ ಹಾಕಿದರು. ನನ್ನ ಕೀಲಿಗೊಂಚಲು ವಾಪಸ್ ತೆಗೆದುಕೊಂಡರು. ತೀರ್ಮಾನವಾಗುವ ತನಕ ನಾನು ಕೆಲಸಕ್ಕೆ ಹೋಗುವ ಹಾಗಿಲ್ಲ. ತೀರ್ಮಾನ ಏನಾಗುತ್ತದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅಮ್ಮನಿಗೆ ನಾನೇ ಹೇಳಿದೆ. ಗೋಡೆಯನ್ನು ಬಿಟ್ಟು ನನ್ನ ಕಡೆ ತಿರುಗಿ ಬೈದಳು. ಬೈಗುಳ ಮುಗಿದ ಮೇಲೆ ಅನ್ನ ಬಡಿಸಿದಳು.

ನಾನು ಒಳ್ಳೆಯವಳಾಗಿಬಿಟ್ಟೆ ಅಂದುಕೊಳ್ಳಬೇಡ. ನಿನ್ನ ತಪ್ಪೂ ಇದೆ. ಆಗಸ್ಟಿನಲ್ಲೇ ಬಂದು ನನ್ನ ಜುಟ್ಟು ಹಿಡಿದಿದ್ದರೆ ಇಬ್ಬರೂ ಎರಡು ದಿನ ಕಿತ್ತಾಡಿ ಮುಗಿಸುತ್ತಿದ್ದೆವು. ನೀನು ದೊಡ್ಡ ಮನಸ್ಸು ಮಾಡಿ ಹೊರಟುಹೋದೆ. ಆ ದೊಡ್ಡ ಮನಸ್ಸಿನ ಮೇಲೂ ನನಗೆ ಹೊಟ್ಟೆಕಿಚ್ಚೇ.

ಯಾಕೆ ಸುಡಲಿಲ್ಲ ಅಂತ ಕೇಳುತ್ತೀಯ. ಒಲೆಯ ಪಕ್ಕ ಕೂತಾಗ ಕೊನೆಯ ಸಲ ನೋಡಿಬಿಡೋಣ ಅಂತ ನಿಮ್ಮ ಭಾವನ ಗಡಿಯಾರದ ಮಸೂರ ತಂದು ಕಣ್ಣಿಗಿಟ್ಟುಕೊಂಡೆ. ಗೆರೆ ಗೆರೆ ಬಿಡಿಸಿ ಬಂದಿತ್ತು. ಗೆರೆಯ ಮೇಲಿನ ಬೆವರಿನ ರಂಧ್ರಗಳು ಕೂಡ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದವು. ಅದರ ಒತ್ತಿಗೇ ನಿನ್ನ ಶಾಯಿಯ ಅಕ್ಷರ, ಕೂದಲೆಳೆಯಷ್ಟೂ ಕದಡಿರಲಿಲ್ಲ. ಅಷ್ಟು ಹೊತ್ತಿಗೆ ಹಾಲು ಉಕ್ಕಿ ಸೀದು ಹೋಗಿತ್ತು, ನನಗೆ ಗೊತ್ತೇ ಆಗಲಿಲ್ಲ. ಸುಡಲು ಕೈ ಬರಲಿಲ್ಲ ಕಣೇ. ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಜನರ ಬೆರಳು ಎಬ್ಬಿಸಿದ್ದೇನೆ, ಒಂದನ್ನೂ ಇಷ್ಟು ಚೆನ್ನಾಗಿ ಎಬ್ಬಿಸಲು ನನಗೆ ಆಗಿಲ್ಲ.

ಅಕ್ಕ